ಓದುಗರ ಪ್ರಶ್ನೋತ್ತರ: ಹಿತ್ತಲಿನ ಸ್ಮೋಕರ್, ಅದರ ಶುಚಿ ಮತ್ತು ಜೋಪಾನ

ಮಾಂಸವನ್ನು ಕಟ್ಟಿಗೆಯ ಹೊಗೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಸ್ಮೋಕರ್‌ಗಳು ಈಗ ನಮ್ಮ ಭಾಗದ ಹಿತ್ತಲುಗಳಲ್ಲೂ ಅಲ್ಲಲ್ಲಿ ಕಾಣಿಸುತ್ತಿವೆ. ಕೆಲವರು ಸಿದ್ಧವಾದದ್ದನ್ನು ತರಿಸಿಕೊಂಡಿದ್ದಾರೆ, ಕೆಲವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ ಕತ್ತರಿಸಿ ಮಾಡಿಸಿಕೊಂಡಿದ್ದಾರೆ. ಅವುಗಳ ಶುಚಿಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಸಂಕ್ಷೇಪಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮ ಸ್ಮೋಕರ್ ಒಂದು ಬದಿಗೆ ಒಲೆಯ ಪೆಟ್ಟಿಗೆ, ಇನ್ನೊಂದು ಬದಿಗೆ ಚಿಮಣಿ ಇರುವ ಮಾದರಿಯದು. ಈಚೆಗೆ ಕೋಳಿ, ಕುರಿ ಯಾವುದನ್ನು ಇಟ್ಟರೂ ಮಾಂಸ ಕಹಿಯಾಗುತ್ತದೆ. ಮುಚ್ಚಳದ ಒಳಗಿನಿಂದ ಕಪ್ಪು ಹಕ್ಕಳೆಗಳು ಉದುರಿ ಮಾಂಸದ ಮೇಲೆ ಬೀಳುತ್ತವೆ. ತಗಡು ಬೆಳ್ಳಗಾಗುವ ತನಕ ಸೋಡಾ ಹಾಕಿ ತಿಕ್ಕಬೇಕು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಕಪ್ಪಾದಷ್ಟೂ ರುಚಿ ಹೆಚ್ಚು, ಮುಟ್ಟಲೇಬೇಡಿ ಎಂದು ಮೈದುನ ಹೇಳುತ್ತಾನೆ. ಯಾರ ಮಾತು ಸರಿ?
— ಓದುಗರು, ಧಾರವಾಡ

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಸ್ಮೋಕರ್‌ನ ಒಳಮೈಗೆ ಹತ್ತಿದ ಕಪ್ಪು ಎಲ್ಲವೂ ಒಂದೇ ಬಗೆಯದಲ್ಲ. ಎಣ್ಣೆ ಮತ್ತು ಕೊಬ್ಬಿನ ತೆಳುವಾದ ಪದರವು ಕಾವಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಹತ್ತಿಕೊಂಡು, ಬಹಳ ಕಾಲ ಬಳಸಿದ ರೊಟ್ಟಿ ಹಂಚಿನ ಮೈಯಂತೆ ನುಣುಪಾಗಿ, ಹೊಳಪಿಲ್ಲದೆ ಕಾಣುವ ಕಪ್ಪು ಒಂದು ಬಗೆಯದು. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಕೈಗೆ ಹತ್ತುವುದಿಲ್ಲ, ಅದು ತುಕ್ಕನ್ನು ತಡೆಯುತ್ತದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳಬೇಕು. ಹೊಳೆಯುತ್ತ, ಅಲ್ಲಲ್ಲಿ ಗುಳ್ಳೆಯೆದ್ದು, ಉಗುರಿನಿಂದ ಕೆದರಿದರೆ ಹಕ್ಕಳೆಯಾಗಿ ಏಳುವ ಕಪ್ಪು ಇನ್ನೊಂದು ಬಗೆಯದು, ಮತ್ತು ನಿಮ್ಮ ಮಾಂಸದ ಮೇಲೆ ಉದುರುತ್ತಿರುವುದು ಅದೇ. ಕಟ್ಟಿಗೆ ಪೂರ್ತಿಯಾಗಿ ಉರಿಯದೆ ಕಮರಿದಾಗ ಅದರಿಂದ ಏಳುವ ಟಾರಿನ ಆವಿಯು ತಂಪಾದ ತಗಡಿಗೆ ತಾಗಿ ಹನಿಗಟ್ಟಿ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಕಹಿಗೂ, ನಾಲಿಗೆ ಜೋಮು ಹಿಡಿದಂತಾಗುವುದಕ್ಕೂ ಇದೇ ಕಾರಣ. ಹೊಗೆಯ ಟಾರು ಮತ್ತು ಮಸಿಯಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕ ಸಂಯುಕ್ತಗಳಿರುತ್ತವೆ. ಹೊಗೆಯಲ್ಲಿ ಬೇಯಿಸಿದ ಮಾಂಸದಲ್ಲಿ ಬೆಂಜೋಪೈರೀನ್‌ನ ಪ್ರಮಾಣ ಕಿಲೋಗೆ 2 ಮೈಕ್ರೋಗ್ರಾಂ ಮೀರಬಾರದೆಂದು ಯುರೋಪಿಯನ್ ಒಕ್ಕೂಟವು 2014ರಿಂದ ಮಿತಿ ಹಾಕಿದೆ. ಆದ್ದರಿಂದ ಹಕ್ಕಳೆ ಬಿದ್ದ ಭಾಗವನ್ನು ಒರೆಸಿ ತಿನ್ನುವುದಕ್ಕಿಂತ ಕೊಯ್ದು ಬಿಸಾಡುವುದೇ ಲೇಸು.

ಶುಚಿ ಮಾಡುವಾಗ ಕ್ರಮ ಮುಖ್ಯ. ಟಾರಿನ ಹಕ್ಕಳೆ ತಣ್ಣಗಿರುವಾಗ ಪೆಡಸಾಗಿದ್ದು ಸುಲಭವಾಗಿ ಏಳುತ್ತದೆ, ಜಿಡ್ಡು ಬೆಚ್ಚಗಿರುವಾಗ ಮೆತ್ತಗಾಗಿ ಏಳುತ್ತದೆ. ಈ ಎರಡನ್ನೂ ಒಂದೇ ಹೊತ್ತಿಗೆ ತೆಗೆಯಲು ಹೋದವರು ಸುಮ್ಮನೆ ದಣಿಯುತ್ತಾರೆ. ಮೊದಲು ಸ್ಮೋಕರ್ ಪೂರ್ತಿ ತಣ್ಣಗಿರುವಾಗ ಜಾಲರಿಗಳನ್ನು ಹೊರತೆಗೆದು, ಗೋಡೆಗೆ ಪುಟ್ಟಿ ಹಚ್ಚುವ ಚಪ್ಪಟೆ ಪಟ್ಟಿಯಿಂದ ಮುಚ್ಚಳದ ಒಳಭಾಗ, ಚಿಮಣಿಯ ಬಾಯಿ ಮತ್ತು ಚಿಮಣಿಯ ಒಳಮೈಯನ್ನು ಮೇಲಿನಿಂದ ಕೆಳಕ್ಕೆ ಕೆರೆಯಿರಿ. ಚಿಮಣಿಯನ್ನು ಬಹಳ ಮಂದಿ ಮರೆಯುತ್ತಾರೆ. ಅದರೊಳಗೆ ಕಟ್ಟಿದ ಟಾರು ಹೊಗೆಯ ದಾರಿಯನ್ನು ಕಿರಿದಾಗಿಸಿ, ಉರಿಗೆ ಗಾಳಿ ಸಾಲದಂತೆ ಮಾಡಿ, ಇನ್ನಷ್ಟು ಟಾರು ಹುಟ್ಟಲು ಕಾರಣವಾಗುತ್ತದೆ. ಉದುರಿದ್ದನ್ನೆಲ್ಲ ಗುಡಿಸಿ ತೆಗೆದು, ತಳದಲ್ಲಿ ನಿಂತ ಕೊಬ್ಬನ್ನು ಬಳಿದು ಹಾಕಿದ ಮೇಲೆ ಸಣ್ಣ ಉರಿ ಮಾಡಿ, ತಗಡು ಕೈ ತಾಗಿಸಬಹುದಾದಷ್ಟು ಬೆಚ್ಚಗಾದಾಗ ಉರಿ ಆರಿಸಿ, ಬಿಸಿನೀರಿಗೆ ಪಾತ್ರೆ ತೊಳೆಯುವ ಸಾಬೂನು ಸ್ವಲ್ಪವೇ ಬೆರೆಸಿ ಹಿಂಡಿದ ಬಟ್ಟೆಯಿಂದ ಅಂಟು ಜಿಡ್ಡನ್ನು ಒರೆಸಿರಿ. ಪೈಪಿನಿಂದ ನೀರು ಬಿಡುವುದು ಬೇಡ. ಬೆಸುಗೆಯ ಸಂದಿಗಳಲ್ಲಿ ನಿಂತ ನೀರು ಅಲ್ಲಿಂದಲೇ ತುಕ್ಕನ್ನು ಶುರು ಮಾಡುತ್ತದೆ. ಅತ್ತೆಯವರು ಹೇಳುವ ಸೋಡಾವನ್ನು ಜಾಲರಿ ಮತ್ತು ಜಿಡ್ಡಿನ ತಟ್ಟೆಗೆ ಧಾರಾಳವಾಗಿ ಬಳಸಬಹುದು, ಅವು ಅಲ್ಯೂಮಿನಿಯಂನವು ಆಗಿರಬಾರದು ಅಷ್ಟೆ, ಏಕೆಂದರೆ ಕ್ಷಾರವು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಒಳಮೈಗೆ ಮಾತ್ರ ಸೋಡಾ ಹಾಕಿ ತಿಕ್ಕಿದರೆ ಉಳಿಸಿಕೊಳ್ಳಬೇಕಾದ ಪದರವೂ ಹೋಗಿ ಬರಿ ಕಬ್ಬಿಣ ಉಳಿಯುತ್ತದೆ.

ಕೆರೆದ ಮೇಲೆ ಬರಿ ಕಬ್ಬಿಣ ಕಂಡ ಕಡೆಯಲ್ಲೆಲ್ಲ ಎಣ್ಣೆ ಹಚ್ಚಿ ಕಾಯಿಸಬೇಕು. ಇದಕ್ಕೆ ಅಗಸಿ ಎಣ್ಣೆಯಷ್ಟು ಒಗ್ಗುವುದು ಬೇರೆ ಇಲ್ಲ, ಏಕೆಂದರೆ ಅದು ಗಾಳಿ ಮತ್ತು ಕಾವಿಗೆ ಒಣಗಿ ಗಟ್ಟಿ ಪೊರೆಯಾಗುವ ಗುಣದ ಎಣ್ಣೆ. ಅದು ಸಿಗದಿದ್ದರೆ ಕುಸುಬಿ ಎಣ್ಣೆಯೂ ಆಗಬಹುದು. ನಮ್ಮ ಸೀಮೆಯಲ್ಲಿ ಇವೆರಡನ್ನೂ ಗಾಣದಿಂದಲೇ ತರಬಹುದು ಎಂಬುದು ಒಂದು ಅನುಕೂಲ. ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸಿ ಎಣ್ಣೆಯನ್ನು ಮಾತ್ರ ತರಬೇಡಿ, ಅದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಎಣ್ಣೆ ಹಚ್ಚಿದ ಕೂಡಲೇ ಒಣ ಬಟ್ಟೆಯಿಂದ ಹಚ್ಚಲೇ ಇಲ್ಲವೇನೋ ಎಂಬಷ್ಟು ಒರೆಸಿ ತೆಗೆದು, ಒಳಗಿನ ಕಾವನ್ನು 130ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ತಾಸು ಇಟ್ಟರೆ ಪದರ ಕೂರುತ್ತದೆ. ದಪ್ಪಗೆ ಹಚ್ಚಿದ ಎಣ್ಣೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಒಣಗುವ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅದನ್ನು ಬಿಡಿಸಿ ಹರಡಿ ಬಯಲಲ್ಲಿ ಒಣಗಿಸಿ ಬಿಸಾಡಿರಿ.

ಇಷ್ಟೆಲ್ಲ ಮಾಡಿಯೂ ಉರಿಯನ್ನು ತಿದ್ದಿಕೊಳ್ಳದಿದ್ದರೆ ಕೆಲವೇ ಅಡುಗೆಗಳಲ್ಲಿ ಅದೇ ಹಕ್ಕಳೆ ಮತ್ತೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಮೋಕರ್‌ನ ಶುಚಿಯ ಕೆಲಸ ಬ್ರಶ್‌ನಿಂದಲ್ಲ, ಕಟ್ಟಿಗೆಯಿಂದಲೇ ಶುರುವಾಗಬೇಕು. ಕಟ್ಟಿಗೆಯ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ಹಸಿ ಕಟ್ಟಿಗೆಯನ್ನು ಸೀಳಿ, ಬುಡಕ್ಕೆ ಇಟ್ಟಿಗೆ ಕೊಟ್ಟು, ಗಾಳಿಯಾಡುವಂತೆ ಒಟ್ಟಿದರೆ ನಮ್ಮ ಬೇಸಿಗೆಯ ಒಣಗಾಳಿ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ; ತುದಿಗಳಲ್ಲಿ ಬಿರುಕು ಬಿಟ್ಟು, ತೊಗಟೆ ತಾನಾಗಿ ಕಳಚಿ, ಎರಡು ತುಂಡುಗಳನ್ನು ಬಡಿದಾಗ ಟಣ್ ಎಂದರೆ ಒಣಗಿದೆ ಎಂದು ತಿಳಿಯಬಹುದು. ಕಟ್ಟಿಗೆಯ ಚೂರುಗಳನ್ನು ನೀರಿನಲ್ಲಿ ನೆನೆಸಿ ಹಾಕುವ ಪದ್ಧತಿಯಿಂದ ಪ್ರಯೋಜನವಿಲ್ಲ, ಮೊದಲು ಆ ನೀರು ಆವಿಯಾಗಬೇಕಷ್ಟೆ. ಧಾರವಾಡದಲ್ಲಿ ಮಾವು, ಪೇರಲ, ಚಿಕ್ಕು ಮರಗಳ ಸವರಿದ ಕೊಂಬೆಗಳು ಸಿಗುವುದು ಕಷ್ಟವಲ್ಲ, ಅವುಗಳ ಹೊಗೆ ಸೌಮ್ಯ. ಕರಿಜಾಲಿ ಒಳ್ಳೆಯ ಕೆಂಡ ಕೊಡುತ್ತದೆ. ಬಳ್ಳಾರಿ ಜಾಲಿಯು ಅಮೆರಿಕದ ಟೆಕ್ಸಾಸ್‌ನವರು ಮಾಂಸಕ್ಕೆ ಬಳಸುವ ಮೆಸ್ಕೀಟ್‌ನ ಹತ್ತಿರದ ಜಾತಿಯೇ ಆಗಿದ್ದು, ಅದರ ಉರಿ ಜೋರು, ಹೊಗೆ ಖಾರ. ಹಸಿಯಾಗಿ ಹಾಕಿದರೆ ಟಾರು ವಿಪರೀತ. ಬೇವು ಮತ್ತು ನೀಲಗಿರಿಯ ಕಟ್ಟಿಗೆ ಬೇಡ. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ ಬೇಡವೇ ಬೇಡ. ಬೇಲಿಯ ಕಣಗಿಲೆ ವಿಷದ ಗಿಡ, ಅದರ ಒಂದು ಕಡ್ಡಿಯೂ ಒಲೆಗೆ ಬೀಳಬಾರದು.

ಇನ್ನು ಗಾಳಿಯ ಮಾತು. ಹೊಗೆ ಒಳಗೇ ನಿಲ್ಲಲಿ ಎಂದು ಚಿಮಣಿಯ ಮುಚ್ಚಳವನ್ನು ಒತ್ತುವುದು ಬಹಳ ಕಡೆ ನಡೆಯುವ ತಪ್ಪು. ಚಿಮಣಿಯನ್ನು ಪೂರ್ತಿ ತೆರೆದಿಟ್ಟು, ಕಾವನ್ನು ಒಲೆಯ ಬಾಯಿಯ ಗಾಳಿಕಿಂಡಿಯಿಂದ ಮತ್ತು ಕಟ್ಟಿಗೆಯ ಪ್ರಮಾಣದಿಂದ ಹಿಡಿತದಲ್ಲಿಡಬೇಕು. ಒಲೆ ತುಂಬ ಕಟ್ಟಿಗೆ ತುರುಕಿ ಗಾಳಿ ಬಿಗಿಹಿಡಿಯುವುದಕ್ಕಿಂತ ಸಣ್ಣದಾಗಿ, ಆದರೆ ಜ್ವಾಲೆ ಕಾಣುವಂತೆ ಉರಿಸುವುದು ಒಳ್ಳೆಯದು. ಚಿಮಣಿಯಿಂದ ಬರುವ ಹೊಗೆ ತೆಳುವಾಗಿ, ನಸುನೀಲಿಯಾಗಿ ಕಂಡರೆ ಮಾಂಸ ಇಡಬಹುದು. ದಟ್ಟ ಬಿಳಿ ಹೊಗೆ ಬರುತ್ತಿರುವಾಗ ಇಡಬಾರದು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವುದೂ ಆ ಬಿಳಿ ಹೊಗೆಗೇ ಎಂಬುದನ್ನು ನೆನಪಿಡಿ.

ಪ್ರಶ್ನೆ: ಕುರಿಯ ತೊಡೆ ಇಟ್ಟಿದ್ದಾಗ ಸ್ಮೋಕರ್‌ನ ತಳದಲ್ಲಿ ನಿಂತ ಕೊಬ್ಬಿಗೆ ಬೆಂಕಿ ಹತ್ತಿತು. ನಮ್ಮ ಯಜಮಾನರು ಗಾಬರಿಯಿಂದ ಒಂದು ಚೊಂಬು ನೀರು ಎರಚಿದಾಗ ಬೆಂಕಿ ಆಳೆತ್ತರಕ್ಕೆ ಎದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಾಡಿಸಿದಾಗ ಕೊಬ್ಬು ಹರಿದುಹೋಗಲು ತೂತು ಇಟ್ಟಿದ್ದರು, ಮೊದಲು ಸರಿಯಾಗಿಯೇ ಹರಿಯುತ್ತಿತ್ತು. ಈಗ ಹೀಗೇಕೆ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಬೆಂಕಿಯ ವಿಷಯ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಕೊಬ್ಬಿನ ಕೆಳಗೆ ಇಳಿದ ನೀರು ಹೀಗೆ ಒಮ್ಮೆಲೇ ಹಿಗ್ಗಿ ಕೊಬ್ಬನ್ನು ಹನಿಹನಿಯಾಗಿ ಮೇಲಕ್ಕೆ ಎರಚುವುದರಿಂದ ಜ್ವಾಲೆ ಎದ್ದಿತು. ಕೊಬ್ಬಿನ ಬೆಂಕಿಗೆ ಎಂದೂ ನೀರು ಹಾಕಬಾರದು. ಮುಚ್ಚಳ ಹಾಕಿ, ಒಲೆಯ ಕಿಂಡಿ ಮತ್ತು ಚಿಮಣಿ ಎರಡನ್ನೂ ಮುಚ್ಚಿ, ದೂರ ನಿಲ್ಲಬೇಕು. ಒಳಗೆ ಗಾಳಿ ತೀರಿದಂತೆ ಬೆಂಕಿ ತಾನೇ ಆರುತ್ತದೆ. ಆರಿತೋ ಇಲ್ಲವೋ ಎಂದು ನೋಡಲು ಮುಚ್ಚಳ ಎತ್ತಿದರೆ ಹೊಸ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಹೊಡೆಯಬಹುದು, ಆದ್ದರಿಂದ ಹೊರಮೈ ತಣ್ಣಗಾಗುವ ತನಕ ತೆರೆಯಬೇಡಿ. ಆ ದಿನದ ಮಾಂಸದ ಆಸೆ ಬಿಡಿ. ಮುಚ್ಚಳ ಹಾಕಲಾಗದಿದ್ದರೆ ಒಣ ಮರಳು ಸುರಿಯಬಹುದು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೇ ಒಲೆ ಹೊತ್ತಿಸುವುದು ಒಳ್ಳೆಯ ರೂಢಿ.

ಮೊದಲು ಹರಿಯುತ್ತಿದ್ದ ಕೊಬ್ಬು ಈಗ ನಿಲ್ಲುವುದಕ್ಕೆ ಎರಡು ಕಾರಣಗಳಿರಬಹುದು. ತೂತಿನಲ್ಲಿ ಕೊಬ್ಬು, ಬೂದಿ ಸೇರಿ ಗಟ್ಟಿಯಾಗಿರುವುದು ಒಂದು. ಬೆಲ್ಲ ಹಾಕಿದ ಮಸಾಲೆ ಸವರಿದ್ದರೆ ಸುಟ್ಟ ಬೆಲ್ಲ ಅಲ್ಲಿ ಕಲ್ಲಾಗಿ ಕೂರುತ್ತದೆ. ಪ್ರತಿ ಸಲ ಹೊತ್ತಿಸುವ ಮೊದಲು ಒಂದು ತಂತಿ ಹಾಯಿಸಿ ನೋಡಬೇಕು. ಎರಡನೆಯ ಕಾರಣ ಹುಬ್ಬಳ್ಳಿಯವರಿಗೆ ಹೊಸದಲ್ಲ: ನಮ್ಮ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅಂಥ ನೆಲದ ಮೇಲೆ ನೇರವಾಗಿ ನಿಲ್ಲಿಸಿದ ಸ್ಮೋಕರ್‌ನ ಒಂದು ಕಾಲು ಕುಸಿದರೆ, ತೂತಿನ ಕಡೆಗಿದ್ದ ಇಳಿಜಾರು ಎದುರು ಬದಿಗೆ ತಿರುಗಿ ಕೊಬ್ಬು ಒಲೆಯ ಕಡೆಗೇ ಹರಿಯುತ್ತದೆ. ನಾಲ್ಕೂ ಕಾಲುಗಳ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಕೊಟ್ಟು, ಗೌಂಡಿಯ ಮಟ್ಟದ ಕೊಳವೆಯಿಂದ ವರ್ಷಕ್ಕೆರಡು ಸಲ ಪರೀಕ್ಷಿಸಿ, ತೂತಿನ ಕಡೆಗೆ ಬೆರಳಗಲ ಇಳುಕಲು ಇರುವಂತೆ ನೋಡಿಕೊಳ್ಳಿ. ಪ್ರತಿ ಅಡುಗೆಯ ಮರುದಿನ ಕೊಬ್ಬಿನ ಡಬ್ಬಿಯನ್ನು ಖಾಲಿ ಮಾಡಬೇಕು. ಅದನ್ನು ಬಚ್ಚಲಿಗಾಗಲಿ ಗಟಾರಕ್ಕಾಗಲಿ ಸುರಿಯಬಾರದು, ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ.

ಪ್ರಶ್ನೆ: ಜಾಲರಿಯನ್ನು ತಂತಿ ಬ್ರಶ್‌ನಿಂದ ಉಜ್ಜಬಹುದೇ?
— ಓದುಗರು, ರಾಣೆಬೆನ್ನೂರು

ಉತ್ತರ: ಬೇಡ. ಬ್ರಶ್‌ನ ಸಣ್ಣ ತಂತಿ ಮುರಿದು ಜಾಲರಿಗೆ ಅಂಟಿ, ಅಲ್ಲಿಂದ ಮಾಂಸಕ್ಕೆ ಸೇರಿ, ಗಂಟಲಿಗೂ ಕರುಳಿಗೂ ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರಲ್ಲಿಯೇ ಪ್ರಕಟಿಸಿದೆ. ಜಾಲರಿ ಬಿಸಿಯಾಗಿರುವಾಗ ಅರ್ಧ ಹೆಚ್ಚಿದ ಉಳ್ಳಾಗಡ್ಡಿಯನ್ನು ಉದ್ದ ಹಿಡಿಯ ಮುಳ್ಳುಚಮಚಕ್ಕೆ ಚುಚ್ಚಿ ಉಜ್ಜಿದರೆ ಹಗುರ ಜಿಡ್ಡು ಹೋಗುತ್ತದೆ; ಗಟ್ಟಿಯಾದದ್ದಕ್ಕೆ ಸೋಡಾ ಹಾಕಿದ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ, ಎಣ್ಣೆ ಸವರಿ ಇಡಿ.

ಪ್ರಶ್ನೆ: ನಮ್ಮಲ್ಲಿ ಮಳೆ ಹೆಚ್ಚು. ಮಳೆಗಾಲ ಪೂರ್ತಿ ಸ್ಮೋಕರ್‌ಗೆ ತಾಡಪತ್ರಿ ಹೊದಿಸಿ ಬಿಗಿಯಾಗಿ ಕಟ್ಟಿದ್ದೆವು. ದಸರಾಕ್ಕೆ ತೆಗೆದು ನೋಡಿದರೆ ಜಾಲರಿಯ ಮೇಲೆ ಬಿಳಿ ಬೂಸ್ಟು ಬೆಳೆದಿದೆ, ಒಲೆಪೆಟ್ಟಿಗೆಯ ತಳ ತುಕ್ಕು ಹಿಡಿದು ಬೆರಳು ಒತ್ತಿದರೆ ಉದುರುತ್ತದೆ. ಮಳೆ ಒಳಗೆ ಬಿದ್ದಿಲ್ಲ ಎಂಬುದು ಖಚಿತ. ಇದನ್ನು ಸರಿಮಾಡಬಹುದೇ?
— ಓದುಗರು, ಹಾನಗಲ್ಲ, ಹಾವೇರಿ ಜಿಲ್ಲೆ

ಉತ್ತರ: ಒಲೆಪೆಟ್ಟಿಗೆಯನ್ನು ತಿಂದದ್ದು ಮಳೆಯಲ್ಲ, ಒಳಗೆ ಉಳಿದ ಬೂದಿ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇರುತ್ತದೆ; ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ತಾನೇ ಒದ್ದೆಯಾಗುತ್ತದೆ. ಹೀಗೆ ಒದ್ದೆಯಾದ ಲವಣದ ಮುದ್ದೆ ತಿಂಗಳುಗಟ್ಟಲೆ ತಗಡಿಗೆ ಅಂಟಿ ಕೂತರೆ ತುಕ್ಕು ಒಂದೇ ಕಡೆ ಆಳವಾಗಿ ಇಳಿಯುತ್ತದೆ. ಆದ್ದರಿಂದ ಬೂದಿಯನ್ನು ಪ್ರತಿ ಅಡುಗೆಯ ಮರುದಿನ, ಕೆಂಡ ಪೂರ್ತಿ ಆರಿದೆ ಎಂದು ಖಚಿತಪಡಿಸಿಕೊಂಡು, ಮೂಲೆಗಳಿಂದಲೂ ಗುಡಿಸಿ ಲೋಹದ ಡಬ್ಬಿಗೆ ತೆಗೆಯಬೇಕು. ಬೂದಿಯೊಳಗಿನ ಕೆಂಡ ಮರುದಿನವೂ ಜೀವಂತವಿರುವುದುಂಟು, ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಕೊಬ್ಬು ಬೀಳದ ಬೂದಿಯನ್ನು ಕೆಂಪು ಮಣ್ಣಿನ ತೋಟಕ್ಕೆ ತೆಳುವಾಗಿ ಹರಡಬಹುದು. ಎರೆಭೂಮಿಯವರು ಹಾಗೆ ಮಾಡುವುದು ಬೇಡ, ಆ ಮಣ್ಣು ಮೊದಲೇ ಕ್ಷಾರದ ಕಡೆಗಿರುತ್ತದೆ.

ಬೆರಳು ಒತ್ತಿದರೆ ಉದುರುವ ತಳಕ್ಕೆ ಬಣ್ಣ, ಎಣ್ಣೆ ಯಾವುದೂ ಉಪಯೋಗವಿಲ್ಲ. ಆ ಭಾಗವನ್ನು ಕತ್ತರಿಸಿ, 4 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಕಬ್ಬಿಣದ ತಗಡನ್ನು ಬೆಸುಗೆ ಹಾಕಿಸಿರಿ, ಮತ್ತು ಈ ಸಲ ಬೂದಿ ತಳಕ್ಕೆ ತಾಗದಂತೆ ಒಳಗೊಂದು ಎತ್ತಿ ತೆಗೆಯುವ ತಟ್ಟೆ ಮಾಡಿಸಿರಿ. ತಟ್ಟೆ ತುಕ್ಕು ಹಿಡಿದರೆ ತಟ್ಟೆಯನ್ನಷ್ಟೇ ಬದಲಿಸಿದರಾಯಿತು. ಉಳಿದ ಕಡೆ ಮೇಲ್ಮೈ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಮೇಲೆ ಧಾರವಾಡದವರಿಗೆ ಹೇಳಿದಂತೆ ಎಣ್ಣೆ ಕಾಯಿಸಿ. ಹೊರಮೈಗೆ ಕಾವು ತಡೆಯುವ ಅಲ್ಯೂಮಿನಿಯಂ ಬಣ್ಣ ಹಚ್ಚಬಹುದು, ಒಳಗೆ ಯಾವ ಬಣ್ಣವನ್ನೂ ಹಚ್ಚಬಾರದು.

ಬೂಸ್ಟು ಬಂದದ್ದು ತಾಡಪತ್ರಿಯನ್ನು ಬಿಗಿಯಾಗಿ ಕಟ್ಟಿದ್ದರಿಂದ. ಒಳಗೆ ಕೊಬ್ಬಿನ ಪಸೆ, ಹೊರಗೆ ಆವಿ ಹೋಗಲು ದಾರಿಯಿಲ್ಲ. ಬೂಸ್ಟಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೊಬ್ಬನ್ನೆಲ್ಲ ಬಳಿದು ತೆಗೆದ ಮೇಲೆ, ಮಾಂಸವಿಲ್ಲದೆ ಜೋರು ಉರಿ ಮಾಡಿ ಒಳಗಿನ ಕಾವನ್ನು 200 ಡಿಗ್ರಿ ದಾಟಿಸಿ ಒಂದು ತಾಸು ಇಡಿ. ತಣಿದ ಮೇಲೆ ಕೆರೆದು, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಮತ್ತೆ ಎಣ್ಣೆ ಕಾಯಿಸಿ. ಒಳಗೆ ಉಳಿದಿದ್ದ ಇದ್ದಲಿ, ಕಟ್ಟಿಗೆಗೂ ಬೂಸ್ಟು ಹತ್ತಿದ್ದರೆ ಅದನ್ನು ಅಡುಗೆಗೆ ಬಳಸಬೇಡಿ. ಮುಂದಿನ ಜೂನ್‌ಗೆ ಮೊದಲು ಸ್ಮೋಕರ್ ಅನ್ನು ತಗಡಿನ ಮಾಡಿನ ಕೆಳಗೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಚಿಮಣಿಗೆ ಡಬ್ಬಿ ಬೋರಲು ಹಾಕಿ, ಕಿಂಡಿಗಳನ್ನು ತೆರೆದಿಡಿ. ಅಂಥ ಮಾಡು ಇಲ್ಲದಿದ್ದರೆ ತಾಡಪತ್ರಿಯ ಕೆಳಗಿನ ಅಂಚು ನೆಲದಿಂದ ಒಂದು ಅಡಿ ಮೇಲಿರುವಂತೆ ಸಡಿಲವಾಗಿ ಹೊದಿಸಿ. ಬಿಸಿಲು ಬಿದ್ದ ದಿನಗಳಲ್ಲಿ ಹೊದಿಕೆ ತೆಗೆದು ಒಂದು ಸಣ್ಣ ಉರಿ ಮಾಡಿದರೆ ಇನ್ನೂ ಒಳ್ಳೆಯದು. ಮಳೆಗಾಲದ ನಂತರ ಮೊದಲ ಸಲ ಹೊತ್ತಿಸುವ ಮುನ್ನ ಚಿಮಣಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆಯೇ, ಕಿಂಡಿಯಲ್ಲಿ ಇಲಿ ಸೇರಿದೆಯೇ ಎಂದು ಬ್ಯಾಟರಿ ಹಾಕಿ ನೋಡಿ.

ಪ್ರಶ್ನೆ: ಗುಜರಿಯಲ್ಲಿ 200 ಲೀಟರ್‌ನ ಹಳೆಯ ಡ್ರಮ್ ಅಗ್ಗವಾಗಿ ಸಿಕ್ಕಿದೆ. ಸ್ಮೋಕರ್ ಮಾಡಿಸಬೇಕೆಂದಿದ್ದೇನೆ. ತುಕ್ಕು ಹಿಡಿಯದಿರಲಿ ಎಂದು ಒಳಗೆ ಜಿಐ ತಗಡು ಮತ್ತು ಜಿಐ ಜಾಲರಿ ಹಾಕಿಸಲೇ?
— ಓದುಗರು, ಬೆಟಗೇರಿ, ಗದಗ

ಉತ್ತರ: ಜಿಐ ಎಂದರೆ ಸತುವಿನ ಲೇಪವಿರುವ ತಗಡು. ಅದನ್ನು 200 ಡಿಗ್ರಿಗಿಂತ ಹೆಚ್ಚು ಕಾವಿಗೆ ಬಹಳ ಹೊತ್ತು ಒಡ್ಡುವುದು ಸಲ್ಲದು, ಹುಳಿ ಹಚ್ಚಿದ ಮಾಂಸ ಮತ್ತು ಆಮ್ಲೀಯ ಹೊಗೆ ಎರಡೂ ಸತುವನ್ನು ಕರಗಿಸುತ್ತವೆ, ಅದರ ಮೇಲೆ ಬೆಸುಗೆ ಹಾಕಿದಾಗ ಏಳುವ ಹೊಗೆ ವೆಲ್ಡರ್‌ಗೆ ಜ್ವರ ತರಿಸುತ್ತದೆ. ಒಲೆಗೂ ಬೇಡ, ಜಾಲರಿಗೂ ಬೇಡ. ಸಾದಾ ಕಬ್ಬಿಣ ಹಾಕಿಸಿ, ಎಣ್ಣೆ ಕಾಯಿಸಿ ಜೋಪಾನ ಮಾಡಿ. ಖರ್ಚು ತಾಳುವಂತಿದ್ದರೆ ಜಾಲರಿಯನ್ನಷ್ಟೇ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಸಿ.

ಡ್ರಮ್‌ನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿ ಮೊದಲು ಏನಿತ್ತೆಂದು ಗುಜರಿಯವರಿಗೂ ಗೊತ್ತಿಲ್ಲದಿದ್ದರೆ ಅಗ್ಗವಾದರೂ ಬಿಟ್ಟುಬಿಡಿ. ಕೀಟನಾಶಕ, ಥಿನ್ನರ್, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಅಡುಗೆಗೆ ಬಾರದು. ಉರಿಯುವ ದ್ರವದ ಆವಿ ಉಳಿದ ಖಾಲಿ ಡ್ರಮ್‌ಗೆ ಕತ್ತರಿಸುವ ಕಿಡಿ ತಾಗಿದರೆ ಅದು ಸಿಡಿಯುತ್ತದೆ, ಮತ್ತು ಹೀಗೆ ಜೀವ ಕಳೆದುಕೊಂಡ ವೆಲ್ಡರ್‌ಗಳಿದ್ದಾರೆ. ಅಡುಗೆ ಎಣ್ಣೆ ಬಂದಿದ್ದ ಡ್ರಮ್ ಆದರೆ ಅಡ್ಡಿಯಿಲ್ಲ. ಆದರೂ ಎರಡೂ ಬಾಯಿ ತೆರೆದು, ಸಾಬೂನಿನ ಬಿಸಿನೀರಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಕತ್ತರಿಸಲು ಕೊಡಿ. ಒಳಗೆ ಕಂದು ಅಥವಾ ಕೆಂಪು ಲೇಪವಿದ್ದರೆ, ಕತ್ತರಿಸಿ ತೆರೆದ ನಂತರ ಊರ ಹೊರಗಿನ ಬಯಲಿನಲ್ಲಿ ಜೋರು ಉರಿ ಮಾಡಿ ಅದನ್ನು ಪೂರ್ತಿ ಸುಟ್ಟು, ಬರಿ ಕಬ್ಬಿಣ ಕಾಣುವ ತನಕ ಉಪ್ಪುಕಾಗದದಿಂದ ಉಜ್ಜಿಸಬೇಕು. ಈ ಶ್ರಮವನ್ನೆಲ್ಲ ಲೆಕ್ಕ ಹಾಕಿದರೆ ಒಳಲೇಪವಿಲ್ಲದ ಹೊಸ ಡ್ರಮ್ ದುಬಾರಿ ಅನ್ನಿಸುವುದಿಲ್ಲ.

ಪ್ರಶ್ನೆ: ಮುಚ್ಚಳದ ಥರ್ಮಾಮೀಟರ್ 110 ಡಿಗ್ರಿ ತೋರಿಸುತ್ತಿದ್ದರೂ ಐದು ತಾಸಾದರೂ ಕೋಳಿ ಬೇಯುವುದಿಲ್ಲ. ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ, 98 ತೋರಿಸಿತು. ಕೆಟ್ಟಿದೆಯೇ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ನೀರಿನಲ್ಲಿ ಅದು ಸರಿಯಾಗಿಯೇ ತೋರಿಸಿದೆ. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕಲ್ಲ, 97ರಿಂದ 98 ಡಿಗ್ರಿಗೆ ಕುದಿಯುತ್ತದೆ. ತೊಂದರೆ ಬೇರೆ ಕಡೆ ಇದೆ. ಮುಚ್ಚಳದ ತುದಿಯ ಕಾವಿಗೂ ಜಾಲರಿಯ ಮಟ್ಟದ ಕಾವಿಗೂ ಅಂತರವಿರುತ್ತದೆ, ಮತ್ತು ಥರ್ಮಾಮೀಟರ್‌ನ ಕಡ್ಡಿಗೆ ಜಿಡ್ಡು, ಮಸಿ ಮೆತ್ತಿದ್ದರೆ ಕಾವಿನ ಏರಿಳಿತ ಅದಕ್ಕೆ ತಡವಾಗಿ ತಿಳಿಯುತ್ತದೆ. ಕಡ್ಡಿಯನ್ನು ಪ್ರತಿ ಸಲ ಒರೆಸಿ, ಜಾಲರಿಯ ಮೇಲೆ ಇನ್ನೊಂದು ಥರ್ಮಾಮೀಟರ್ ಇಟ್ಟು ಹೋಲಿಸಿ ನೋಡಿ. ಮುಚ್ಚಳದ ಅಂಚಿನಿಂದ ಹೊಗೆ ಸೋರುತ್ತಿದ್ದರೆ ಅಲ್ಲಿ ಕೂತ ಟಾರನ್ನು ಕೆರೆದು, ಕಾವು ತಡೆಯುವ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ. ಕೋಳಿಯನ್ನಂತೂ ತಾಸಿನ ಲೆಕ್ಕದಲ್ಲಿ ಇಳಿಸಬಾರದು. ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿದ ಥರ್ಮಾಮೀಟರ್ 74 ಡಿಗ್ರಿ ತೋರಿಸಿದ ಮೇಲೆಯೇ ಇಳಿಸಬೇಕು.